ಓಗೊಡದವರ ಶಾಲೆ

ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂಥ ಒಂದು ಬೆಟ್ಟವಿತ್ತು. ಬೆಟ್ಟದ ನೆತ್ತಿಯಲ್ಲಿ ದಂಡಿನ ಕೋಟೆ, ಬುಡದಲ್ಲಿ ಊರು. ಊರಿಗೂ ಕೋಟೆಗೂ ನಡುವೆ, ಮೆಟ್ಟಿಲುಗಳ ಅರ್ಧ ದಾರಿಯಲ್ಲಿ ಒಂದು ಶಾಲೆ. ಊರಿನವರು ಅದನ್ನು ಹೊಸ್ತಿಲ ಶಾಲೆ ಎನ್ನುತ್ತಿದ್ದರು. ಕೋಟೆಯೊಳಗೆ ಹೋಗಿ ಕತ್ತಿ ಹಿಡಿಯಬೇಕು ಎನ್ನುವ ಹುಡುಗ ಮೊದಲು ಇಲ್ಲಿ ಇದ್ದು ತಯಾರಾಗಬೇಕಿತ್ತು. ಆದರೆ ಇಲ್ಲಿ ಕತ್ತಿ ಇರಲಿಲ್ಲ, ಗುರಾಣಿ ಇರಲಿಲ್ಲ, ಕುದುರೆಯ ಲದ್ದಿಯ ವಾಸನೆ ಕೂಡ ಇರಲಿಲ್ಲ. ಒಂದು ಕೆಮ್ಮಣ್ಣಿನ ಅಂಗಳ, ಒಂದು ಗಂಟೆ, ಅಂಗಳದ ಸುತ್ತ ಎದೆಮಟ್ಟದ ಕಲ್ಲುಚಪ್ಪಡಿಗಳ ಬೇಲಿ. ಅಷ್ಟೇ.

ಬೆಳಗಾದರೆ ಹುಡುಗರು ಕೆರೆಯಲ್ಲಿ ಕೊಡ ತುಂಬಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಕೋಟೆಯ ಬಾಗಿಲಿನ ಮುಂದೆ ನೀರು ಸುರಿಯುತ್ತಿದ್ದರು. ನೀರು ಬಾಗಿಲಿನ ಸಂದಿಯಲ್ಲಿ ನುಸುಳಿ ಒಳಗೆ ಹೋಗುತ್ತಿತ್ತು. ಸುರಿದವರು ಹೊರಗೇ ನಿಂತು ಅದನ್ನು ನೋಡಿ, ಖಾಲಿ ಕೊಡ ಹೊತ್ತುಕೊಂಡು ಇಳಿಯುತ್ತಿದ್ದರು.

ಸಂಜೆ, ಬಂಡೆಗಳ ನೆರಳು ಊರಿನ ಮೇಲೆ ಚಾಚುವ ಹೊತ್ತಿಗೆ, ಶಾಲೆ ನಡೆಸುವ ಗುರಿಕಾರ ಗಂಟೆ ಬಾರಿಸುತ್ತಿದ್ದ. ಆಗ ಯಾರು ಬೇಕಾದರೂ ಬೇಲಿಯ ಹೊರಗೆ ಬಂದು ನಿಂತು ತಮ್ಮ ಹುಡುಗನನ್ನು ಹೆಸರು ಹಿಡಿದು ಕರೆಯಬಹುದಿತ್ತು. ಯಾರೂ ತಡೆಯುತ್ತಿರಲಿಲ್ಲ. ಪ್ರತಿ ಹುಡುಗನಿಗೂ ಬೇಲಿಯ ಒಳಗೆ ಸುಣ್ಣದಲ್ಲಿ ಬರೆದ ಒಂದು ವೃತ್ತ. ಕರೆಸಿಕೊಂಡವನು ತನ್ನ ವೃತ್ತದಲ್ಲಿ ನಿಂತು, ಕರೆದವರ ಮುಖವನ್ನೇ ನೋಡುತ್ತ ಹೇಳಬೇಕು: "ನೀವು ಕರೆಯುವವರು ಇಲ್ಲಿ ಇಲ್ಲ."

ಅದೊಂದೇ ಪಾಠ. ಒಬ್ಬನನ್ನು ಕರೆಯಲು ಯಾರೂ ಬಾರದ ಸಂಜೆ ಬಂತೆಂದರೆ ಅವನು ತಯಾರಾದ ಎಂದು ಲೆಕ್ಕ. ಮರುದಿನ ಬೆಳಗ್ಗೆ ಕೋಟೆಯ ಬಾಗಿಲು ಅವನಿಗಾಗಿ ತೆರೆಯುತ್ತಿತ್ತು. ಕರೆದಾಗ ಮನಸ್ಸು ತಡೆಯದೆ 'ಓ' ಎಂದುಬಿಟ್ಟವನು ಆ ಕ್ಷಣವೇ ಬೇಲಿಯಿಂದ ಹೊರಗೆ. ಕರೆದವರು ಅವನ ತಲೆ ಮುಟ್ಟಿ, ಇವನು ನನ್ನವನು ಎಂದು ಆಣೆಯಿಟ್ಟು ಕರೆದೊಯ್ಯಬಹುದಿತ್ತು. ಇನ್ನು ಬೇಸಿಗೆ ಮುಗಿದು ಗಾಳಿ ತಿರುಗುವ ಕಾಲದವರೆಗೂ ಕರೆಯುವವರನ್ನು ಕಳೆದುಕೊಳ್ಳಲಾಗದೆ, ಓಗೊಡಲೂ ಆಗದೆ ನಡುವೆ ಉಳಿದವನು, ಓಗೊಟ್ಟರೂ ಆಣೆಯಿಟ್ಟು ಕರೆದೊಯ್ಯುವವರಿಲ್ಲದವನು ಬೆಟ್ಟದ ಹಿಂದಿನ ಕಲ್ಲುಗಣಿಗೆ ಹೋಗಬೇಕು. ಅಲ್ಲಿಗೆ ಹೋದವರನ್ನು ಊರಿನವರು ಮತ್ತೆ ಕಂಡದ್ದಿಲ್ಲ. ಉಳಿಯ ಸದ್ದು ಮಾತ್ರ ಕೇಳಿಬರುತ್ತಿತ್ತು.

ಬೊಮ್ಮ ಈ ಶಾಲೆಗೆ ಬಂದದ್ದು ಯಾರ ಒತ್ತಾಯಕ್ಕೂ ಅಲ್ಲ. ಅವನು ಕೆರೆಯಾಚೆಯ ಹಟ್ಟಿಯವನು. ಅಲ್ಲಿ ಎಲ್ಲರೂ ಕಂಬಳಿ ನೇಯುವವರು. ಅಪ್ಪ ಅವ್ವ ಒಂದೇ ಬೇಸಿಗೆಯ ಬೇನೆಯಲ್ಲಿ ಹೋದ ಮೇಲೆ ಅವನನ್ನು ಸಾಕಿದವಳು ಅಕ್ಕ. ಅವಳೂ ಆಗ ಇನ್ನೂ ಲಂಗದ ಹುಡುಗಿ. ಮದುವೆಯ ಮಾತು ಬಂದಾಗಲೆಲ್ಲ, "ಇವನು ಒಂದು ದಡ ಸೇರಲಿ," ಎಂದು ತಳ್ಳುತ್ತ ಬಂದು, ಆಮೇಲೆ ಮಾತು ಬರುವುದೇ ನಿಂತುಹೋಯಿತು. ಹುಣಸೆಬೀಜ ಹುರಿದು ಬೀಸಿ ಗಂಜಿ ಕಾಯಿಸಿ ಕಂಬಳಿಗೆ ಬಳಿಯುವುದು ಅವಳ ಕೆಲಸ. ಅವಳ ಕೈಗೆ ಸದಾ ಆ ಗಂಜಿಯ ಹುಳಿವಾಸನೆ.

ಒಮ್ಮೆ ಕೋಟೆಯ ಸವಾರನೊಬ್ಬ ಹಟ್ಟಿಯ ಓಣಿಯಲ್ಲಿ ಹಾದುಹೋದ. ದಾರಿಗೆ ಅಡ್ಡವಿದ್ದ ಗಂಜಿಯ ಹರಿವಿಯನ್ನು ಕುದುರೆಯ ಮೇಲಿಂದಲೇ ಒದ್ದ. ಕುದಿಯುವ ಗಂಜಿ ಅಕ್ಕನ ಪಾದದ ಮೇಲೆ ಚೆಲ್ಲಿತು. ಅವಳು ಕೈಮುಗಿದು, ತಪ್ಪಾಯ್ತು ಸ್ವಾಮಿ, ಅಂದಳು. ಅವಳ ಸೆರಗಿನ ಹಿಂದೆ ನಿಂತಿದ್ದ ಪುಟ್ಟ ಬೊಮ್ಮ ಅಕ್ಕನ ಪಾದ ನೋಡಲಿಲ್ಲ. ಸವಾರನ ಕಾಲನ್ನು ನೋಡಿದ. ಲೋಕದಲ್ಲಿ ಒದೆಯುವವರು ಇದ್ದಾರೆ, ಚೆಲ್ಲಿದ್ದನ್ನು ಬಳಿದು ತುಂಬಿಕೊಳ್ಳುವವರು ಇದ್ದಾರೆ ಎಂಬುದು ಅವನ ತಲೆಯಲ್ಲಿ ಕೂತುಬಿಟ್ಟಿತು. ಮೀಸೆ ಮೂಡುವ ವಯಸ್ಸಿಗೆ ಅವನು ಹಟ ಹಿಡಿದ. ಅನ್ನ ಬಿಟ್ಟ. ಕೊನೆಗೆ ಅಕ್ಕನೇ ಬುತ್ತಿ ಕಟ್ಟಿಕೊಂಡು, ಅವನ ಕೈ ಹಿಡಿದು ಕೆರೆ ದಾಟಿಸಿ, ಶಾಲೆಯ ಬಾಗಿಲಿಗೆ ಬಿಟ್ಟಳು. ಅಲ್ಲಿನ ಕಟ್ಟಳೆ ಏನೆಂದು ಅವಳಿಗೆ ಗೊತ್ತಿರಲಿಲ್ಲ. "ಸಂಜೆ ಬರ್ತೀನಿ ಕಣೋ. ಏನ್ ಉಣ್ಣಾಕೆ ಕೊಡ್ತಾರೋ ನೋಡ್ತೀನಿ," ಅಂದು ಹೋದಳು.

ಆ ಸಂಜೆ ಗಂಟೆ ಮೊಳಗಿತು. ಬೇಲಿಯ ಹೊರಗೆ ತಾಯಂದಿರು, ತಂದೆಯರು, ಊರುಗೋಲಿನ ಅಜ್ಜಂದಿರು. ಒಬ್ಬೊಬ್ಬರೂ ಒಂದೊಂದು ಹೆಸರು ಕರೆಯುತ್ತಿದ್ದರು. ಒಳಗಿನಿಂದ ಒಂದೇ ಮಾತು ಮತ್ತೆ ಮತ್ತೆ ಬರುತ್ತಿತ್ತು. ಅಕ್ಕ ಜನರ ನಡುವೆ ದಾರಿ ಮಾಡಿಕೊಂಡು ಬಂದು ಚಪ್ಪಡಿಯ ಮೇಲೆ ಕೈಯಿಟ್ಟು ಕರೆದಳು.

"ಬೊಮ್ಮಾ! ಏ ಬೊಮ್ಮಾ!"

"ನೀವು ಕರೆಯುವವರು ಇಲ್ಲಿ ಇಲ್ಲ," ಅಂದ ಬೊಮ್ಮ.

ಅಕ್ಕ ನಕ್ಕುಬಿಟ್ಟಳು. "ಇದೇನೋ ಇದು? ನಾನೇನ್ ಕುರುಡೀನಾ? ಎದುರಿಗೇ ನಿಂತಿದೀಯಾ!"

"ನೀವು ಕರೆಯುವವರು ಇಲ್ಲಿ ಇಲ್ಲ."

ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಅವಳ ಕಿವಿಯಲ್ಲಿ ಕಟ್ಟಳೆ ಹೇಳಿದಳು. ಅಕ್ಕನ ನಗು ಮುಖದಲ್ಲೇ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಇಳಿಯಿತು. ಅವಳು ಬುತ್ತಿಗಂಟನ್ನು ಚಪ್ಪಡಿಯ ಮೇಲಿಟ್ಟು, "ಹಂಗಾದ್ರೆ ಇಲ್ಲದಿರೋನಿಗೇ ಕೊಟ್ಬಿಡಪ್ಪಾ. ಅವನಿಗೆ ಶೇಂಗಾಚಟ್ನಿ ಅಂದ್ರೆ ಪ್ರಾಣ," ಅಂದು ಹೊರಟುಹೋದಳು. ಗುರಿಕಾರ ಬಂದು ಗಂಟನ್ನು ಎತ್ತಿ ನಾಯಿಗೆ ಹಾಕಿದ.

ಗುರಿಕಾರ ಎತ್ತರದ ದನಿಯಲ್ಲಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಕೈಯೆತ್ತಿ ಹೊಡೆದದ್ದನ್ನೂ ಕಂಡಿರಲಿಲ್ಲ. ಎಲ್ಲರನ್ನೂ ಮಗೂ ಎನ್ನುತ್ತಿದ್ದ. ಮೊದಮೊದಲು ಅಳುವ ಹುಡುಗರ ತಲೆ ಸವರಿ, "ಅಳು ಮಗೂ, ಅತ್ತು ಮುಗಿಸಿಕೋ. ಅವರೂ ಅತ್ತು ಮುಗಿಸ್ಕೋತಾರೆ. ಯಾವ ಕಣ್ಣಲ್ಲೂ ಕೆರೆ ಇರಲ್ಲ," ಎನ್ನುತ್ತಿದ್ದ. ಅವನು ಹೇಳಿದ್ದು ಸುಳ್ಳಾಗುತ್ತಿರಲಿಲ್ಲ. ದಿನ ಕಳೆದಂತೆ ಬೇಲಿಯ ಹೊರಗೆ ಜನ ತೆಳುವಾದರು. ಒಬ್ಬನ ತಂದೆ ಮಗನಿಗೆ ಶಾಪ ಹಾಕಿ ಹೋದ. ಒಬ್ಬನ ತಾಯಿ ಮುಂದಿನ ಮಗುವಿಗೆ ಹಾಲೂಡಿಸುವ ಗಡಿಬಿಡಿಯಲ್ಲಿ ಬರುವುದನ್ನು ಮರೆತಳು. ಒಬ್ಬ ಹುಡುಗ ತನ್ನ ಅಜ್ಜನ ಮುಖಕ್ಕೆ ಉಗಿದ. ಅಜ್ಜ ಎಂಜಲನ್ನು ಒರೆಸಿಕೊಳ್ಳದೆ ಹಾಗೇ ಇಳಿದು ಹೋದ. ಒಬ್ಬೊಬ್ಬನೇ ಹುಡುಗ ಬೆಳಗಿನ ಹೊತ್ತು ಕೊಡವಿಲ್ಲದೆ ಮೆಟ್ಟಿಲು ಹತ್ತಿದ. ಬಾಗಿಲು ತೆರೆಯಿತು, ಮುಚ್ಚಿತು. ಕೆಳಗೆ ಒಂದೊಂದೇ ಸುಣ್ಣದ ವೃತ್ತವನ್ನು ನೀರು ಹಾಕಿ ಅಳಿಸಲಾಯಿತು.

ಅಕ್ಕ ಮಾತ್ರ ಬಿಡಲಿಲ್ಲ. ದಿನಾ ಬಂದಳು. ಒಮ್ಮೆ ಕರೆಯುತ್ತಿದ್ದಳು, ಅವನ ಮಾತನ್ನು ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ ಚಪ್ಪಡಿಗೆ ಬೆನ್ನು ಆನಿಸಿ ಕೂತು, ಯಾರಿಗೋ ಹೇಳುವಂತೆ ಹಟ್ಟಿಯ ಸುದ್ದಿ ಹೇಳುತ್ತಿದ್ದಳು. "ಕುಂಟಕುರಿ ಗಬ್ಬ ಆಗೈತೆ. ಹೊಟ್ಟೆ ನೋಡಿದ್ರೆ ಎರಡು ಮರಿ ಅನ್ಸುತ್ತೆ... ಮೂಲೆಮನೆ ಗೋಡೆ ಬಿತ್ತು, ಪುಣ್ಯಕ್ಕೆ ಯಾರೂ ಒಳಗಿರ್ಲಿಲ್ಲ... ಈ ಸಲ ಉಣ್ಣೆ ಒರಟು ಕಣಪ್ಪಾ, ಕೈಯೆಲ್ಲಾ ಕೀಳುತ್ತೆ." ಬೊಮ್ಮ ವೃತ್ತದಲ್ಲಿ ನಿಂತು ಹಲ್ಲು ಕಚ್ಚಿಕೊಂಡು ಕೇಳುತ್ತಿದ್ದ. ಕೇಳಬಾರದು ಎಂದುಕೊಂಡಷ್ಟೂ ಕಿವಿ ಬಿಚ್ಚಿಕೊಳ್ಳುತ್ತಿತ್ತು.

ಆ ಶಾಲೆಯಲ್ಲಿ ಇನ್ನೊಬ್ಬನಿದ್ದ. ಅವನನ್ನು ಒಂಟಿ ಎಂದು ಕರೆಯುತ್ತಿದ್ದರು. ಅವನು ಎಲ್ಲರಿಗಿಂತ ಹಳಬ. ಗಡ್ಡ ಬಂದಿತ್ತು. ಅವನನ್ನು ಯಾರು ಹೆತ್ತರು, ಯಾರು ತಂದು ಬಿಟ್ಟರು, ಯಾರಿಗೂ ತಿಳಿಯದು. ಅವನನ್ನು ಕರೆಯಲು ಒಂದು ಸಂಜೆಯೂ ಯಾರೂ ಬಂದಿರಲಿಲ್ಲ. ಹಾಗಿದ್ದರೆ ಅವನೇ ಎಲ್ಲರಿಗಿಂತ ಮೊದಲು ಕೋಟೆಗೆ ಹೋಗಬೇಕಿತ್ತಲ್ಲ ಎಂದು ಹೊಸಬರು ಕೇಳಿದರೆ ಗುರಿಕಾರ ಹೇಳುತ್ತಿದ್ದ: "ಕಡಿಯೋಕೆ ನಂಟೇ ಇಲ್ಲದವನು ಕಡಿಯೋದನ್ನ ಕಲಿತ ಹಾಗಾಗಲ್ಲ. ಅವನದು ಇನ್ನೂ ಶುರುವೇ ಆಗಿಲ್ಲ ಮಗೂ." ಶುರುವಾಗದವನು ಸೋತವನೂ ಅಲ್ಲ, ಹಾಗಾಗಿ ಗಾಳಿ ಎಷ್ಟು ಸಲ ತಿರುಗಿದರೂ ಅವನನ್ನು ಗಣಿಗೂ ಕಳಿಸುತ್ತಿರಲಿಲ್ಲ. ಒಂಟಿ ಸಂಜೆಯಾದರೆ ತಲೆ ಬಾಚಿಕೊಂಡು, ತನ್ನ ವೃತ್ತದಲ್ಲಿ ಎಲ್ಲರಂತೆ ನಿಲ್ಲುತ್ತಿದ್ದ. ಖಾಲಿ ಬೇಲಿಯನ್ನು ನೋಡುತ್ತ ತುಟಿಯಲ್ಲೇ ಆ ಮಾತನ್ನು ಅಭ್ಯಾಸ ಮಾಡುತ್ತಿದ್ದ. ಗಂಟೆ ಮತ್ತೆ ಮೊಳಗಿದಾಗ ತಲೆ ತಗ್ಗಿಸಿಕೊಂಡು ಒಳಗೆ ಹೋಗುತ್ತಿದ್ದ.

ಅವನ ವೃತ್ತ ಬೊಮ್ಮನ ವೃತ್ತದ ಪಕ್ಕದಲ್ಲೇ. ಅಕ್ಕನ ಮಾತೆಲ್ಲ ಅವನಿಗೂ ಕೇಳುತ್ತಿತ್ತು. ಉಣ್ಣುವಾಗ ಅವನು ಬೊಮ್ಮನ ಹತ್ತಿರ ಸರಿದು ಕೂತು ಕೇಳುತ್ತಿದ್ದ: "ಆ ಕುರಿ ಯಾವ ಕಾಲು ಕುಂಟೋದು?"

"ಯಾವ ಕುರಿ?" ಎಂದು ಬೊಮ್ಮ ಸಿಡುಕುತ್ತಿದ್ದ.

"ಗೋಡೆ ಬಿದ್ದ ಮನೆಯವರು ಈಗ ಎಲ್ಲಿ ಮಲಗ್ತಾರೆ?"

"ನನಗೇನ್ ಗೊತ್ತು? ಸುಮ್ನೆ ಉಣ್ಣು."

ಒಂಟಿ ತಲೆ ಬಗ್ಗಿಸಿ ಉಣ್ಣುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ, ಯಾರಿಗೂ ಅಲ್ಲ ಎಂಬಂತೆ, "ಮುಂದಿನ ಎಡಗಾಲು ಇರಬೇಕು," ಎನ್ನುತ್ತಿದ್ದ.

ಬಿಸಿಲು ಬಲಿಯಿತು. ಇನ್ನೇನು ಗಾಳಿ ತಿರುಗುವ ಕಾಲ ಬಂತು ಎಂದು ಹುಡುಗರು ಬೆಳಗ್ಗೆ ಎದ್ದ ಕೂಡಲೇ ಬೆರಳು ಒದ್ದೆ ಮಾಡಿ ಮೇಲೆತ್ತಿ ನೋಡತೊಡಗಿದರು. ಬೊಮ್ಮನ ಎದೆಯೊಳಕ್ಕೆ ಗಣಿಯ ಉಳಿಯ ಸದ್ದು ಹೊಕ್ಕಿತು. ಒಂದು ಬೆಳಗ್ಗೆ ಗುರಿಕಾರ ಅವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ.

"ನಿನ್ನ ಅಕ್ಕ ಒಳ್ಳೆಯವಳು ಮಗೂ. ಒಳ್ಳೆಯವರು ಬೇಗ ಬಿಡಲ್ಲ. ನೀನು ಕಟ್ಟಳೆಯ ಮಾತಷ್ಟೇ ಹೇಳ್ತೀಯ. ಬೇರೆ ಮಾತು ಹೇಳಬಾರದು ಅಂತ ನಾನು ಯಾವತ್ತಾದರೂ ಹೇಳಿದೀನಾ?"

ಆ ಸಂಜೆ ಅಕ್ಕ ಕರೆದಾಗ ಬೊಮ್ಮ ಕಟ್ಟಳೆಯ ಮಾತು ಹೇಳಿ, ಅದರ ಹಿಂದೆಯೇ ಅಂದ: "ಇನ್ನು ಬರಬೇಡ. ನಿನ್ನ ಕೈ ನಾರುತ್ತೆ. ಇಲ್ಲಿಯವರೆಗೂ ನಾರುತ್ತೆ. ಎಲ್ಲರೂ ನನ್ನ ನೋಡಿ ಮೂಗು ಮುಚ್ಕೋತಾರೆ."

ಅಕ್ಕ ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಸೆರಗಿನೊಳಗೆ ಮುಚ್ಚಿಕೊಂಡಳು. ಸುದ್ದಿ ಏನೂ ಹೇಳದೆ ಹೋದಳು. ಮರುದಿನವೆಲ್ಲ ಬೊಮ್ಮ ಗಾಳಿಯಲ್ಲಿ ತೇಲಿದ. ಇಂದು ಬರುವುದಿಲ್ಲ, ನಾಳೆ ನನಗೆ ಬಾಗಿಲು ಎಂದುಕೊಂಡ. ಗಂಟೆ ಮೊಳಗಿತು. ಅಕ್ಕ ಬಂದಳು. ಕೈಗಳನ್ನು ಬೂದಿ ಸುಣ್ಣ ಹಾಕಿ ಉಜ್ಜಿದ್ದಳು. ಬೆರಳುಗಳ ಚರ್ಮ ಸುಲಿದು ಕೆಂಪಗೆ ಮಾಂಸ ಕಾಣುತ್ತಿತ್ತು. ಆ ಕೈಗಳನ್ನು ಚಪ್ಪಡಿಗೆ ತಾಗಿಸದೆ ಮೇಲೆ ಹಿಡಿದುಕೊಂಡು ಕೇಳಿದಳು:

"ಈಗ ನಾರುತ್ತೇನೋ, ಬೊಮ್ಮಾ?"

ಒಂಟಿ ಮುಖ ತಿರುಗಿಸಿಕೊಂಡ. ಬೊಮ್ಮ ಕಟ್ಟಳೆಯ ಮಾತು ಹೇಳಿದ.

ಮರುದಿನ ವೃತ್ತದ ಪಕ್ಕದಲ್ಲಿ ಒಂದು ಬುಟ್ಟಿಯಿತ್ತು. ಬುಟ್ಟಿಯ ತುಂಬ ಕಲ್ಲು. ಗಂಟೆಗೆ ಕೈ ಹಾಕುವ ಮೊದಲು ಗುರಿಕಾರ ಮೆಲ್ಲಗೆ ಹೇಳಿದ: "ಎಸೆ ಅಂತ ನಾನು ಹೇಳಲ್ಲ ಮಗೂ. ಎಸೆಯಬೇಡ ಅಂತಲೂ ಹೇಳಲ್ಲ."

ಮೊದಲ ಕಲ್ಲನ್ನು ಬೊಮ್ಮ ಅವಳ ಆಚೆಗೆ, ದೂರಕ್ಕೆ ಎಸೆದ. ಅವಳು ಕದಲಲಿಲ್ಲ. ಎರಡನೆಯದನ್ನು ಕಾಲಿನ ಹತ್ತಿರ ಎಸೆದ. ಅವಳು ಅದನ್ನೇ ನೋಡುತ್ತ, "ಚಿಕ್ಕೋನಿದ್ದಾಗ ಬೇಲದಕಾಯಿಗೆ ಕಲ್ಲು ಎಸೀತಿದ್ದೆ, ಒಂದೂ ತಾಗ್ತಿರ್ಲಿಲ್ಲ," ಅಂದಳು. ಆ ಮಾತಿನಲ್ಲಿದ್ದ ಸಲಿಗೆ ಅವನ ಮೈ ಉರಿಸಿತು. ಮೂರನೆಯದು ಅವಳ ಹುಬ್ಬಿನ ಮೇಲೆ ತಾಗಿತು. ಅವಳು ಕೂತುಬಿಟ್ಟಳು. ರಕ್ತ ಕಣ್ಣಿಗೆ ಇಳಿಯಿತು. ಬೊಮ್ಮನ ಕೈ ತಾನಾಗಿಯೇ ಮುಂದೆ ಚಾಚಿತು. ಅದನ್ನು ಅವನೇ ಇನ್ನೊಂದು ಕೈಯಿಂದ ಹಿಡಿದು ಹಿಂದಕ್ಕೆ ತಂದ. ಅಕ್ಕ ಸೆರಗು ಹರಿದು ಕಟ್ಟಿಕೊಂಡು, ಚಪ್ಪಡಿ ಹಿಡಿದು ಎದ್ದು, ತಡವರಿಸುತ್ತ ಮೆಟ್ಟಿಲಿಳಿದಳು.

ಮರುದಿನ ಕಟ್ಟಿದ ಹಣೆಯಲ್ಲೇ ಬಂದಳು.

ಆ ರಾತ್ರಿಯೆಲ್ಲ ಬೊಮ್ಮ ನಿದ್ದೆ ಮಾಡಲಿಲ್ಲ. ಇವಳು ಸಾಯುವವರೆಗೂ ಬರುತ್ತಾಳೆ, ಇವಳ ಪ್ರೀತಿಯೇ ನನ್ನನ್ನು ಗಣಿಗೆ ನೂಕುತ್ತದೆ ಅನ್ನಿಸಿತು. ಬೆಳಗಾಗುವ ಹೊತ್ತಿಗೆ ಒಂದು ಉಪಾಯ ಹೊಳೆಯಿತು. ಎದ್ದವನೇ ಗುರಿಕಾರನ ಮುಂದೆ ಹೋಗಿ ನಿಂತ.

"ಕರೆಯೋರನ್ನ ಇನ್ನೊಬ್ಬರಿಗೆ ಕೊಡಬಹುದಾ?"

 ಗುರಿಕಾರನ ಮುಖದಲ್ಲಿ ಮೊದಲ ಬಾರಿಗೆ ಒಂದು ಸಂತೋಷ ಕಂಡಿತು. "ಇಷ್ಟು ವರ್ಷದಲ್ಲಿ ಇದನ್ನ ಯಾರೂ ಕೇಳಿರಲಿಲ್ಲ ಮಗೂ. ಕೊಡಬಹುದು. ಹೆಸರಿನ ಜೊತೆಗೆ ಕೊಡಬೇಕು. ಕೊಟ್ಟ ಮೇಲೆ ನೀನಾಗಿ ವಾಪಸ್ ಕೇಳೋ ಹಾಗಿಲ್ಲ."

ಬೊಮ್ಮ ಕೆರೆಗಿಳಿದು ಕೊಡ ತುಂಬಿಸುತ್ತಿದ್ದ ಒಂಟಿಯ ಹತ್ತಿರ ಹೋದ. "ನನ್ನ ಅಕ್ಕನ್ನ ತಗೋ," ಅಂದ. "ನನ್ನ ಹೆಸರನ್ನೂ ತಗೋ. ಇವತ್ತು ಸಂಜೆಯಿಂದ ನೀನೇ ಬೊಮ್ಮ. ಅವಳು ಕರೀತಾಳೆ, ನೀನು ಇಲ್ಲ ಅಂತ ಹೇಳು. ನಿನ್ನದು ಶುರುವಾಗುತ್ತೆ, ನನ್ನದು ಮುಗಿಯುತ್ತೆ. ನೀನು ಬೇರೆಯವನು, ಅವಳು ಬೇಗ ಬೇಸತ್ತು ಬಿಡ್ತಾಳೆ. ಇಬ್ಬರೂ ಕೋಟೆಗೆ ಹೋಗ್ತೀವಿ."

ಒಂಟಿಯ ಕೈಯಿಂದ ಕೊಡ ಜಾರಿ ನೀರಿನಲ್ಲಿ ಮುಳುಗಿತು. ಅವನು ಅದನ್ನು ಹಿಡಿಯಲಿಲ್ಲ.

"ತಮಾಷೆ ಮಾಡ್ಬೇಡ."

"ತಮಾಷೆ ಅಲ್ಲ."

"ನಿಜಕ್ಕೂ ಕೊಡ್ತೀಯಾ? ಆಮೇಲೆ ಕೇಳಲ್ವಾ?"

"ಕೇಳಲ್ಲ."

ಒಂಟಿ ಸೊಂಟದವರೆಗಿನ ನೀರಿನಲ್ಲಿ ಬೊಮ್ಮನ ಕಡೆ ತಿರುಗಿ ನಿಂತ. "ಎಷ್ಟು ವರ್ಷದಿಂದ ಆ ಮಾತನ್ನ ಬಾಯಿಪಾಠ ಮಾಡಿದೀನಿ," ಅಂದ. "ಚೆನ್ನಾಗಿ ಹೇಳ್ತೀನಿ. ನೋಡು ಬೇಕಾದ್ರೆ."

ಸಂಜೆಯ ಗಂಟೆಗೆ ಮೊದಲು ಗುರಿಕಾರ ಎಲ್ಲ ಹುಡುಗರನ್ನೂ ಅಂಗಳದಲ್ಲಿ ನಿಲ್ಲಿಸಿದ. ಬೊಮ್ಮ ಒಂಟಿಯ ಬಲಗೈ ಹಿಡಿದು ತನ್ನ ವೃತ್ತದೊಳಗೆ ತಂದು ನಿಲ್ಲಿಸಿ, "ನನ್ನ ಹೆಸರು ಇವನದು, ನನ್ನ ಅಕ್ಕ ಇವನ ಅಕ್ಕ," ಎಂದು ಗಟ್ಟಿಯಾಗಿ ಹೇಳಿದ. ತಾನು ವೃತ್ತದಿಂದ ಹೊರಗೆ ಬಂದು ಶಾಲೆಯ ಕಟ್ಟೆಯ ಮೇಲೆ ಕೂತ. ಮೈ ಹಗುರಾಗಿತ್ತು.

ಅಕ್ಕ ಬಂದಳು. ಹಣೆಯ ಕಟ್ಟಿನಡಿ ಒಂದು ಕಣ್ಣು ಊದಿಕೊಂಡಿತ್ತು. ಚಪ್ಪಡಿಯ ಹತ್ತಿರ ನಿಂತು, ಎಂದಿನಂತೆ, ಉಣ್ಣಲು ಕರೆಯುವ ದನಿಯಲ್ಲಿ ಕರೆದಳು.

"ಬೊಮ್ಮಾ..."

ಒಂಟಿ ಎದೆ ಸೆಟೆಸಿ ನಿಂತ. ಅವಳ ಮುಖ ನೋಡಿದ. ಬಾಯಿ ತೆರೆದ. ಇಷ್ಟು ಹತ್ತಿರದಿಂದ, ತನ್ನ ಕಡೆಗೇ ಬಂದ ಕರೆಯನ್ನು ಅವನು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಬಾಯಿಪಾಠದ ಮಾತು ಗಂಟಲವರೆಗೆ ಬಂದು ಕರಗಿತು.

"ಓ," ಅಂದ. ಆಮೇಲೆ, ಇನ್ನೂ ಸಣ್ಣದಾಗಿ, "ಬಂದೆ ಅಕ್ಕಾ," ಅಂದ.

 ಶಾಲೆಯ ಹಿಂಬಾಗಿಲಿನಿಂದ ಗಣಿಯವರಿಬ್ಬರು ಬಂದು ನಿಂತರು. ಗುರಿಕಾರ ಒಂಟಿಯ ಹೆಗಲ ಮೇಲೆ ಕೈಯಿಟ್ಟು ಬೇಲಿಯ ಬಾಗಿಲವರೆಗೆ ನಡೆಸಿಕೊಂಡು ಬಂದು, ಅಕ್ಕನಿಗೆ ಕೈಮುಗಿದು ಹೇಳಿದ:

"ಅವ್ವಾ, ನೀವು ಕರೆದಿರಿ, ಇವನು ಓಗೊಟ್ಟ. ಇನ್ನು ಇವನಿಗೆ ಇಲ್ಲಿ ಜಾಗವಿಲ್ಲ. ಇವನು ನನ್ನ ತಮ್ಮ, ಇವನ ಹೊರತು ನನಗೆ ತಮ್ಮನಿಲ್ಲ ಅಂತ ತಲೆ ಮುಟ್ಟಿ ಆಣೆಯಿಟ್ಟರೆ ಕರ್ಕೊಂಡು ಹೋಗಿ. ಇಲ್ಲವಾದರೆ ಗಣಿಯವರು ಕರ್ಕೊಂಡು ಹೋಗ್ತಾರೆ. ಒಬ್ಬರಿಗೆ ಒಬ್ಬನೇ. ಅದು ಕಟ್ಟಳೆ."

ಅಕ್ಕ ಗಡ್ಡದ ಯುವಕನನ್ನು ನೋಡಿದಳು. ಆಮೇಲೆ ಅವಳ ಕಣ್ಣು ಅಂಗಳವನ್ನೆಲ್ಲ ಹುಡುಕಿ ಕಟ್ಟೆಯ ಮೇಲೆ ನಿಂತಿತು.

"ಬೊಮ್ಮಾ, ಇದೇನೋ?"

"ಬೊಮ್ಮ ಅವನೇ," ಅಂದ ಕಟ್ಟೆಯ ಮೇಲಿದ್ದವನು. "ನಿನ್ನನ್ನ ಅವನಿಗೆ ಕೊಟ್ಟಿದೀನಿ."

 ಅರ್ಥವಾದಾಗ ಅವಳು ಅಳಲಿಲ್ಲ. ಒಂಟಿಯ ಕಡೆ ತಿರುಗಿ, "ನಿನಗೆ ಯಾರೂ ಇಲ್ಲವೇನಪ್ಪಾ?" ಅಂದಳು.

"ಇಲ್ಲ."

"ತಪ್ಪು ತಿಳೀಬೇಡ. ನನ್ನ ಕೈಯಾರೆ ಸಾಕಿದ್ದು ಅದು. ಒಂದು ಸಲ, ಇದೇ ಕಡೇ ಸಲ, ಅವನನ್ನ ಕರೀತೀನಿ. ಅವನು ಓ ಅಂದ್ರೆ ನಿನ್ನ ಬಿಟ್ಟು ಹೋಗ್ಬೇಕಾಗುತ್ತೆ ನಾನು."

ಗಣಿಯವರ ಕೈಯಲ್ಲಿದ್ದ ಹಗ್ಗವನ್ನು ನೋಡುತ್ತಲೇ ಒಂಟಿ ಹೇಳಿದ: "ಕರೀರಿ ಅಕ್ಕಾ."

ಅವಳು ಕರೆದಳು. ಜೋರಾಗಿ ಕೂಗಲಿಲ್ಲ. ಜ್ವರ ಬಂದು ಮಲಗಿದ ಮಗುವನ್ನು ಎಬ್ಬಿಸುವ ಹಾಗೆ ಕರೆದಳು. ಬೊಮ್ಮ ಕಟ್ಟೆಯ ಮೇಲೆ ಎದ್ದು ನಿಂತ. ಇಷ್ಟು ದಿನ ಹೇಳಿದ್ದಕ್ಕಿಂತ ಸ್ಪಷ್ಟವಾಗಿ, ಒಂದಕ್ಷರವೂ ಅಲುಗದಂತೆ ಹೇಳಿದ:

"ನೀವು ಕರೆಯುವವರು ಇಲ್ಲಿ ಇಲ್ಲ."

ಅಕ್ಕ ತಲೆಯಾಡಿಸಿದಳು. ಸುಲಿದ ಕೈಯನ್ನು ಒಂಟಿಯ ತಲೆಯ ಮೇಲಿಟ್ಟಳು.

"ಇವನು ನನ್ನ ತಮ್ಮ. ಇವನ ಹೊರತು ನನಗೆ ತಮ್ಮ ಅನ್ನೋನು ಇಲ್ಲ."

ಗಣಿಯವರು ಹಗ್ಗ ಸುತ್ತಿಕೊಂಡು ಹಿಂದೆ ಸರಿದರು. ಬೇಲಿಯ ಬಾಗಿಲು ತೆರೆಯಿತು. ಒಂಟಿ ಹೊರಗೆ ಕಾಲಿಟ್ಟ. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅವಳ ಹಿಂದೆ ನಿಂತ. ಅವಳು ಅವನ ಮಣಿಕಟ್ಟು ಹಿಡಿದು ಪಕ್ಕಕ್ಕೆಳೆದುಕೊಂಡು, "ಉಂಡಿದೀಯೇನಪ್ಪಾ?" ಅಂದಳು.

"ಇನ್ನೂ ಇಲ್ಲ." ಮೂರು ಮೆಟ್ಟಿಲು ಇಳಿಯುವುದರೊಳಗೆ ಅವನಿಗೆ ತಡೆಯಲಾಗಲಿಲ್ಲ. "ಅಕ್ಕಾ, ಕುಂಟಕುರಿ ಈಯ್ತಾ?"

ಅಕ್ಕ ಗಕ್ಕನೆ ನಿಂತು ಅವನ ಮುಖ ನೋಡಿದಳು. "ನಿನ್ನೆ ಬೆಳಗ್ಗೆ ಈಯ್ತು. ಎರಡು ಮರಿ. ಒಂದು ಕರೀದು, ಒಂದು ಹಂಡಬಂಡ." ಅವಳ ದನಿ ಅಲ್ಲಿ ಒಡೆಯಿತು. "ನಿನಗೆ ಹೆಂಗೋ ಗೊತ್ತು?"

"ನೀವೇ ಹೇಳ್ತಿದ್ರಲ್ಲ, ದಿನಾ."

ಕಟ್ಟೆಯ ಮೇಲಿದ್ದವನಿಗೆ ಇದೆಲ್ಲ ಕೇಳಿಸಿತು. ಅವಳು ಅಳುತ್ತಾಳೆ, ಬೇಲಿ ಹಿಡಿದು ಬೀಳುತ್ತಾಳೆ, ಶಪಿಸುತ್ತಾಳೆ ಎಂದು ಅವನು ಎಣಿಸಿದ್ದ. ಅದಕ್ಕೆಲ್ಲ ಮನಸ್ಸು ಗಟ್ಟಿಮಾಡಿಕೊಂಡಿದ್ದ. ತನ್ನ ಹೆಸರಿನವನೊಬ್ಬ ತನ್ನ ಕುರಿಯ ಸುದ್ದಿ ಕೇಳುತ್ತ, ಅವಳ ಪಕ್ಕದಲ್ಲಿ ಮೆಟ್ಟಿಲಿಳಿದು ಹೋಗುತ್ತಾನೆ ಎಂದು ಎಣಿಸಿರಲಿಲ್ಲ. ಅವಳನ್ನು ಕಳೆದುಕೊಳ್ಳಲು ತಯಾರಾಗಿದ್ದ. ಅವಳು ಇನ್ನೊಬ್ಬನಿಗೆ ಸಿಗುವುದನ್ನು ನೋಡಲು ತಯಾರಾಗಿರಲಿಲ್ಲ.  ಅವನು ಕಟ್ಟೆಯಿಂದ ಹಾರಿ, ಅಂಗಳ ದಾಟಿ, ಸುಣ್ಣದ ಗೆರೆಗಳನ್ನೆಲ್ಲ ತುಳಿದು ಬೇಲಿಗೆ ಬಂದು ಬಿದ್ದ.

"ಅಕ್ಕಾ!"

ಅವಳ ಕಾಲು ನಿಂತಿತು.

"ಅಕ್ಕಾ, ನಾನು ಕಣೇ! ಬೊಮ್ಮ! ನಾನು ಬರ್ತೀನಿ!"

ಒಂಟಿ ಹಿಂದಿರುಗಿ ನೋಡಿದ. ಅವನ ಮುಖ ಬಿಳಿಚಿಕೊಂಡಿತ್ತು. ಗುರಿಕಾರ ಬೇಲಿಯ ಬಾಗಿಲಲ್ಲಿ ಕೈಕಟ್ಟಿ ನಿಂತು ಅಕ್ಕನ ಬೆನ್ನನ್ನೇ ನೋಡುತ್ತಿದ್ದ. ಗಣಿಯವರು ಇನ್ನೂ ಹೋಗಿರಲಿಲ್ಲ. ಅವಳು ಒಂದು ಸಲ ತಿರುಗಿದರೆ ಸಾಕು, ಆಣೆ ಮುರಿದಂತೆ; ಪಕ್ಕದಲ್ಲಿರುವವನ ಕೊರಳಿಗೆ ಹಗ್ಗ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳ ಹೆಗಲುಗಳು ಒಮ್ಮೆ ಮೇಲೆದ್ದು ಬಿದ್ದವು. ಒಂಟಿಯ ಮಣಿಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದಳು. ಮುಂದಿನ ಮೆಟ್ಟಿಲಿಗೆ ಕಾಲಿಟ್ಟಳು.

"ಅಕ್ಕಾ! ಅಕ್ಕಾ! ಅಕ್ಕಾ!"

ಅವಳು ಇಳಿಯುತ್ತಲೇ ಹೋದಳು. ಕೆರೆಯ ಏರಿಯ ಮೇಲೆ ಎರಡು ನೆರಳುಗಳಾಗಿ, ಆಮೇಲೆ ಒಂದೇ ಕಪ್ಪಾಗಿ, ಆಮೇಲೆ ಕಾಣದಾದರು. ಬೊಮ್ಮನ ಗಂಟಲು ಕಟ್ಟುವವರೆಗೂ ಕೂಗು ನಿಲ್ಲಲಿಲ್ಲ. ಉಳಿದ ಹುಡುಗರು ತಮ್ಮ ತಮ್ಮ ವೃತ್ತದಲ್ಲಿ ನೇರ ನೋಡುತ್ತ ನಿಂತಿದ್ದರು.

ಗುರಿಕಾರ ಬಂದು ಅವನ ತಲೆ ಸವರಿದ. "ಕರೆದಾಗ ಓಗೊಡದೆ ಇರೋದು ಸುಲಭ ಮಗೂ," ಅಂದ. "ತಾನೇ ಕರೆದರೂ ಓಗೊಡುವವರು ಯಾರೂ ಇಲ್ಲ ಅಂತ ತಿಳಿಯೋದೇ ಕಷ್ಟ. ಅದನ್ನ ನಾನು ಕಲಿಸೋಕಾಗಲ್ಲ. ಅವಳು ಕಲಿಸಿದಳು. ಈಗ ನೀನು ತಯಾರಾದೆ."

ಬೆಳಗ್ಗೆ ಗುರಿಕಾರ ಎಬ್ಬಿಸಲು ಬಂದಾಗ ಹುಡುಗ ಕಟ್ಟೆಯ ಕಂಬವನ್ನು ತಬ್ಬಿಕೊಂಡು ಕೂತಿದ್ದ.

"ನನಗೆ ಕೋಟೆ ಬೇಡ. ಹಟ್ಟಿಗೆ ಹೋಗ್ತೀನಿ."

"ಹೋಗು. ಯಾರೂ ತಡೆಯಲ್ಲ," ಅಂದ ಗುರಿಕಾರ, ಅದೇ ಮೆಲುದನಿಯಲ್ಲಿ. "ಆದರೆ ಯಾರು ಅಂತ ಹೋಗ್ತೀಯಾ? ಬೊಮ್ಮ ಆಗಲೇ ಅಲ್ಲಿ ಇದಾನೆ. ನೀನು ಹೊಸ್ತಿಲಲ್ಲಿ ನಿಂತು ನಿನ್ನ ಹೆಸರು ಹೇಳಿದ ಗಳಿಗೆಗೆ ಅವಳ ಆಣೆ ಸುಳ್ಳಾಗುತ್ತೆ. ಗಣಿಯವರು ಅವನನ್ನ ಅವಳ ಕಣ್ಣೆದುರೇ ಎಳ್ಕೊಂಡು ಬರ್ತಾರೆ. ಅವಳಿಂದ ಇನ್ನೂ ಒಬ್ಬ ತಮ್ಮನನ್ನ ಕಿತ್ಕೋಬೇಕು ಅಂತಿದ್ರೆ ಹೋಗು ಮಗೂ. ದಾರಿ ಗೊತ್ತಲ್ಲ."

ಹುಡುಗ ಮೆಟ್ಟಿಲುಗಳನ್ನು ನೋಡಿದ. ಕೆಳಗೆ ಹೋಗುವವು, ಮೇಲೆ ಹೋಗುವವು. ಬಹಳ ಹೊತ್ತು ನೋಡಿದ. ಗುರಿಕಾರ ಅವಸರ ಮಾಡಲಿಲ್ಲ. ಕೊನೆಗೆ ಕಂಬವನ್ನು ಬಿಟ್ಟು ಎದ್ದು, ಮೇಲಿನ ಮೆಟ್ಟಿಲಿಗೆ ಕಾಲಿಟ್ಟ. ಅದೊಂದೇ ಅವನು ಅಕ್ಕನಿಗಾಗಿ ಮಾಡಿದ ಕೆಲಸ. ಅದು ಅವಳಿಗೆ ಎಂದೂ ತಿಳಿಯಲಿಲ್ಲ.

ಕೋಟೆಯ ಬಾಗಿಲು ಸದ್ದಿಲ್ಲದೆ ತೆರೆಯಿತು. ಒಳಗಿನ ಬಯಲಿನಲ್ಲಿ ಸಾಲುಸಾಲಾಗಿ ನಿಂತಿದ್ದವರು ಅವನಿಗಾಗಿ ಒಬ್ಬನಷ್ಟು ಜಾಗ ಸರಿದು ಮಾಡಿಕೊಟ್ಟರು. ನೀನು ಯಾರು, ಎಲ್ಲಿಯವನು ಎಂದು ಯಾರೂ ಕೇಳಲಿಲ್ಲ. ಕತ್ತಿ ಹಂಚುವವನು ಬಂದು ಒಂದು ಕತ್ತಿಯನ್ನು ಅವನ ಕೈಗೆ ಕೊಟ್ಟು, ಹಿಡಿ ಎಂದ. ಅವನು ಹಿಡಿದ. ಕತ್ತಿ ಹಂಚುವವನು ಅದನ್ನು ಅಲುಗಿಸಿ ನೋಡಿದ, ಎಳೆದು ನೋಡಿದ, ತಿರುಚಿ ನೋಡಿದ. "ಹಿಡಿತ ಅಂದರೆ ಇದು," ಎಂದು ಸಾಲಿನವರಿಗೆಲ್ಲ ತೋರಿಸಿದ. "ಸಾಕು, ಇನ್ನು ಬಿಡು," ಎಂದ.

ಅವನು ಬಿಡಲಿಲ್ಲ. ಬಿಡು ಎಂದು ಮತ್ತೆ ಹೇಳಿದರು, ಗದರಿಸಿದರು, ಮುಂಗೈಗೆ ಹೊಡೆದರು. ಅವನ ಕಣ್ಣು ಎಲ್ಲೋ ನೆಟ್ಟಿತ್ತು. ಬೆರಳುಗಳ ಗೆಣ್ಣುಗಳು ಬೆಳ್ಳಗಾಗಿದ್ದವು. ಕೊನೆಗೆ ಇಬ್ಬರು ಅವನ ತೋಳನ್ನು ಒತ್ತಿ ಹಿಡಿದರು. ಮೂರನೆಯವನು ನೆಲಕ್ಕೆ ಮಂಡಿಯೂರಿ, ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ.